ಅಕ್ಕ ತಂಗಿಯರ ಕಾಲಳತೆ

ಸೆಪ್ಟೆಂಬರ್ 16
ಎಣಿಕೆ ಮನೆ, ಮಹಡಿಯ ಕೋಣೆ

ಅಮ್ಮಾ,

ಬಂದು ಐದು ದಿನವಾಯಿತು. ಕೆಲಸ ಫೆಬ್ರವರಿ ಕೊನೆಯವರೆಗೆ ಮಾತ್ರ. ಅಷ್ಟರಲ್ಲಿ ಮೇಲ್ವಿಚಾರಕರಿಗೆ ನನ್ನ ಎಣಿಕೆ ಸರಿ ಅನ್ನಿಸಿದರೆ ಕಾಯಂ. ಇಲ್ಲದಿದ್ದರೆ ಅಂಗಡಿಯ ಎರಡನೇ ಹೊಲಿಗೆ ಮಿಷನ್ನು ನನಗಾಗಿ ಕಾದಿರುತ್ತದೆ. ನೀನು ಹಾಗೆ ಹೇಳಲಿಲ್ಲ. ಬಸ್ಸಿನವರೆಗೆ ಬರಲೂ ಇಲ್ಲ. ಆದರೆ ಅದಕ್ಕೆ ಬಟ್ಟೆ ಹೊದಿಸಿಟ್ಟಿದ್ದನ್ನು ಹೊರಡುವಾಗ ನೋಡಿದೆ.

ಫೋನ್ ಮಾಡುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೇ ಜಗಳಕ್ಕಿಳಿಯುತ್ತೇವೆ. ಇಲ್ಲಿಗೆ ಅಂಚೆ ಬರುವುದು ವಾರಕ್ಕೊಮ್ಮೆ. ಅಷ್ಟು ದಿನ ಸಿಟ್ಟನ್ನು ಆರದಂತೆ ಇಟ್ಟುಕೊಳ್ಳುವುದು ನಿನಗೂ ಕಷ್ಟ, ನನಗೂ ಕಷ್ಟ.

ಕೋಣೆಗೆ ಒಂದೇ ದೊಡ್ಡ ಕಿಟಕಿ, ದಕ್ಷಿಣಕ್ಕೆ. ಕಿಟಕಿಯ ಮುಂದೆ ಮೂರು ಕಾಲಿನ ಮೇಲೆ ದೂರದರ್ಶಕ, ಪಕ್ಕದಲ್ಲಿ ಉದ್ದನೆಯ ದಾಖಲೆ ಪುಸ್ತಕ. ಸಮುದ್ರ ಇಳಿದಾಗ ಎದುರಿಗೆ ಒಂದು ಮೈಲಿಯಷ್ಟು ಕೆಸರು ತೆರೆದುಕೊಳ್ಳುತ್ತದೆ. ಹಕ್ಕಿಗಳು ಮೇಯಲು ಬರುತ್ತವೆ. ನೀರು ಮತ್ತೆ ಏರುವುದರೊಳಗೆ ಯಾವ ಜಾತಿಯದು ಎಷ್ಟು ಎಂದು ಬರೆಯಬೇಕು. ಇಷ್ಟೇ ಕೆಲಸ.

ಮೇಲ್ವಿಚಾರಕರು ಸಣಕಲು ಮನುಷ್ಯ. ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ. ಈಗ ಎರಡು ಕಣ್ಣಿಗೂ ತೊಂದರೆ, ದೂರದ್ದು ಕಾಣುವುದಿಲ್ಲ. ಮುಂದಿನ ವರ್ಷ ನಿವೃತ್ತಿ. ಮೊದಲ ದಿನವೇ ಕೇಳಿದರು: "ಇದಕ್ಕೆ ಮುಂಚೆ ಏನ್ ಮಾಡ್ತಿದ್ರಿ?"

"ಟೈಲರ್ ಅಂಗಡೀಲಿದ್ದೆ ಸರ್."

"ಹಾಗಾದ್ರೆ ಕಣ್ಣಿದೆ ಅನ್ನಿ. ಎಣಿಸೋದು ಯಾರಿಗಾದ್ರೂ ಬರುತ್ತಮ್ಮ. ಏನನ್ನ ಎಣಿಸ್ತಿದೀನಿ ಅಂತ ಗೊತ್ತಿರೋದು ಕಷ್ಟ."

ಊಟ ಚೆನ್ನಾಗಿದೆ. ಸ್ವೆಟರ್ ಸಾಕಾಗುತ್ತಿಲ್ಲ.

ನಿನ್ನ ಗೇಣು


ಸೆಪ್ಟೆಂಬರ್ 28
ಅಂಗಡಿ

ಗೇಣು,

ಮಿಷನ್ನಿಗೆ ಬಟ್ಟೆ ಹೊದಿಸಿದ್ದು ಧೂಳು ಕೂರಬಾರದೆಂದು. ಬೇರೆ ಅರ್ಥ ಹುಡುಕಬೇಡ.

ನಿನ್ನ ಕಾಗದವನ್ನು ಗುಂಡಿ ಅಕ್ಕನಿಗೆ ಓದಿ ಹೇಳಿದೆ. ಕಾಜಾ ಹೊಲಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಇಪ್ಪತ್ತು ವರ್ಷದಲ್ಲಿ ಅವಳು ಸೂಜಿ ಕೆಳಗಿಟ್ಟದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ. ಆಮೇಲೆ, "ಹಕ್ಕಿ ಎಣಿಸೋಕೂ ಸಂಬಳ ಕೊಡ್ತಾರಾ? ನಮ್ಮ ಮನೆ ಹಿಂದೆ ಕಾಗೆ ಬೇಕಾದಷ್ಟಿವೆ, ನನ್ನ ಹೆಸರೂ ಬರೆಸು ಅನ್ನು" ಎಂದಳು. ಬರೆದಿದ್ದೇನೆ.

ನೀನು ಅರ್ಧ ಬಿಟ್ಟು ಹೋದ ಕಂದು ಕೋಟನ್ನು ಮುಗಿಸಿ ಕೊಟ್ಟಾಯಿತು. ಬಲತೋಳನ್ನು ನಾನು ಕೂರಿಸಿದೆ. ಎಡತೋಳು ನೀನು ಕೂರಿಸಿದ್ದು. ಅದನ್ನು ಬಿಚ್ಚಲಿಲ್ಲ.

ಸ್ವೆಟರ್ ಯಾಕೆ ಸಾಕಾಗುತ್ತಿಲ್ಲ? ಗಾಳಿ ಯಾವ ಕಡೆಯಿಂದ?

ಅಮ್ಮ


ಅಕ್ಟೋಬರ್ 8
ಎಣಿಕೆ ಮನೆ

ಅಮ್ಮಾ,

ಗಾಳಿ ನಾಲ್ಕೂ ಕಡೆಯಿಂದ.

ಒಂದು ತೊಡಕಿಗೆ ಸಿಕ್ಕಿಕೊಂಡಿದ್ದೇನೆ. ನಿನ್ನ ಹತ್ತಿರ ಕೇಳಬೇಕು ಎಂದು ಮೂರು ದಿನದಿಂದ ಯೋಚಿಸಿ ಈಗ ಕೇಳುತ್ತಿದ್ದೇನೆ.

ಇಲ್ಲಿ ಮರಳು ಗೊರವ ಎಂಬ ಹಕ್ಕಿ ಎರಡು ಜಾತಿಯಲ್ಲಿದೆ: ಚಿಕ್ಕದು, ದೊಡ್ಡದು. ನಿನ್ನ ಮುಷ್ಟಿಗಿಂತ ಸ್ವಲ್ಪ ದಪ್ಪದ ಹಕ್ಕಿಗಳು. ಎರಡಕ್ಕೂ ಬೆನ್ನು ಬೂದುಗಂದು, ಹೊಟ್ಟೆ ಬಿಳಿ, ಎದೆಯ ಎರಡು ಪಕ್ಕಕ್ಕೂ ಒಂದೊಂದು ಮಸುಕು ತೇಪೆ. ಮರಿ ಮಾಡುವ ಕಾಲದಲ್ಲಿ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದಂತೆ. ಆ ಬಣ್ಣವೂ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಮೇಲ್ವಿಚಾರಕರು ಹೇಳುವ ಪ್ರಕಾರ ಒಂದರ ತವರು ಎತ್ತರದ ಬೆಟ್ಟಗಳ ನೆತ್ತಿಯ ಹುಲ್ಲುಬಯಲು. ಇನ್ನೊಂದರದು ನೀರಿಲ್ಲದ ಒಣ ಬಯಲು. ಒಂದನ್ನೊಂದು ನೋಡದೆ ಹುಟ್ಟಿ ಬೆಳೆದವು ಸಾವಿರಾರು ಮೈಲಿ ಹಾರಿ, ಒಂದೇ ಕೆಸರಿಗೆ ಬಂದು ಭುಜಕ್ಕೆ ಭುಜ ತಾಗಿಸಿ ಮೇಯುತ್ತವೆ. ನನಗೆ ಇದನ್ನು ನೋಡಿ ಸಾಕಾಗುವುದಿಲ್ಲ.

ಆದರೆ ಬರೆಯುವುದು ಹೇಗೆ? 'ದೊಡ್ಡದು ಆಕಾರದಲ್ಲಿ ದೊಡ್ಡದು' ಎಂದು ಕೈಪಿಡಿ ಹೇಳುತ್ತದೆ. ಪಕ್ಕದಲ್ಲಿ ಚಿಕ್ಕದು ನಿಂತಿದ್ದರೆ ಸರಿ. ಒಂಟಿಯಾಗಿ ನಿಂತಿದ್ದರೆ ಅದು ಯಾವುದಕ್ಕಿಂತ ದೊಡ್ಡದು? ಇಬ್ಬರು ಗಿರಾಕಿಗಳು ಒಂದೇ ಬಟ್ಟೆ ತೊಟ್ಟು, ಒಬ್ಬರಾದ ಮೇಲೆ ಒಬ್ಬರು ಬಂದು ಹೋದ ಹಾಗೆ.

ಈ ವರ್ಷದಿಂದ ಇವನ್ನು ಬೇರೆ ಬೇರೆ ಬರೆಯಬೇಕಂತೆ, ಅದು ಬಾರದಿದ್ದರೆ ಕೆಲಸ ಕಾಯಮಾಗುವುದಿಲ್ಲ. ಅದನ್ನು ಅವರು ಒರಟಾಗಿಯೇನೂ ಹೇಳಲಿಲ್ಲ. ಜನವರಿಯಲ್ಲಿ ಬಲೆ ಹಾಕಿ ಹಿಡಿದು ಅಳೆಯುತ್ತಾರಂತೆ. ನಾನು ಕಣ್ಣಲ್ಲಿ ಎಣಿಸಿದ್ದೂ ಅವರು ಕೈಯಲ್ಲಿ ಅಳೆದದ್ದೂ ತಾಳೆಯಾಗಬೇಕು.

ರಸ್ತೆಯ ಆಚೆ ಹೋಗುವವನನ್ನು ನೋಡಿ ನೀನು ಸೊಂಟ ಎಷ್ಟು, ತೋಳು ಎಷ್ಟು ಎಂದು ಹೇಳುತ್ತಿದ್ದೆ. ಗುಂಡಿ ಅಕ್ಕ ಓಡಿ ಹೋಗಿ ಟೇಪು ಹಿಡಿದರೆ ಅರ್ಧ ಬೆರಳೂ ತಪ್ಪುತ್ತಿರಲಿಲ್ಲ. ಅದು ಹೇಗೆ? ನಾನು ಅಲ್ಲಿದ್ದಾಗ ಕೇಳಲಿಲ್ಲ.

ಕೈಪಿಡಿ ನೋಡಿ ಎರಡರದೂ ಚಿತ್ರ ಬರೆದು ಕಳಿಸಿದ್ದೇನೆ. ಎರಡಕ್ಕೂ ಅಳತೆ ಒಂದೇ, ನಿಜದ ಎರಡರಷ್ಟು.

ಗೇಣು


ಅಕ್ಟೋಬರ್ 17
ಅಂಗಡಿ

ಗೇಣು,

ಚಿತ್ರ ನೋಡಿದೆ. ಕತ್ತರಿಸುವ ಮೇಜಿನ ಮೇಲೆ ಎರಡನ್ನೂ ಇಟ್ಟು, ಟೇಪು ತೆಗೆದುಕೊಂಡು ಕೂತೆ. ಗಿರಾಕಿಗಳು ಬಂದರು, ಕಾಯಿಸಿದೆ.

ಕೇಳು. ರಸ್ತೆಯ ಆಚೆ ಹೋಗುವವನ ಎತ್ತರವನ್ನು ನಾನು ಯಾವತ್ತೂ ನೋಡಿದವಳಲ್ಲ. ಎತ್ತರ ಮೋಸ ಮಾಡುತ್ತದೆ. ದೂರ ನಿಂತರೆ ಎಲ್ಲರೂ ಕುಳ್ಳರೇ. ಒಬ್ಬನನ್ನು ಇನ್ನೊಬ್ಬನ ಜೊತೆ ಹೋಲಿಸಬೇಡ. ಅವನ ತೋಳನ್ನು ಅವನ ಬೆನ್ನಿಗೇ ಹೋಲಿಸು. ಅವನ ಮೈಯೇ ನಿನಗೆ ಟೇಪು.

ಈಗ ಹಕ್ಕಿಗೆ ಬಾ. ಕೊಕ್ಕನ್ನು ಬುಡದಲ್ಲಿ ಹಿಂದಕ್ಕೆ ಮಡಚಿದೆ ಎಂದುಕೋ, ಕಾಲರ್ ಮಡಚುವ ಹಾಗೆ. ಚಿಕ್ಕದರ ಕೊಕ್ಕು ಕಣ್ಣಿನ ಹಿಂಬದಿ ಮುಟ್ಟುವಷ್ಟರಲ್ಲಿ ಮುಗಿಯುತ್ತದೆ. ದೊಡ್ಡದರದು ಕಣ್ಣು ದಾಟಿ ಆಚೆ ಹೋಗುತ್ತದೆ. ಚಿಕ್ಕದರ ಕೊಕ್ಕು ಮೊಂಡು, ದೊಡ್ಡದರದು ತುದಿಗೆ ಹೋಗುತ್ತಾ ಸಪೂರ.

ದೂರದಿಂದ ಕೊಕ್ಕು ಕಾಣದಿದ್ದರೆ ಕಾಲು ನೋಡು. ಹೊಟ್ಟೆಯಿಂದ ನೆಲಕ್ಕೆ ಎಷ್ಟು ಅಂತರ, ಅದು ಮೈಯ ದಪ್ಪಕ್ಕೆ ಎಷ್ಟು ಎಂದು. ನಾನು ಇವನ್ನು ಅಕ್ಕ, ತಂಗಿ ಎಂದೇ ಕರೆಯುತ್ತಿದ್ದೇನೆ. ಅಕ್ಕ ಬೆಳೆದುಬಿಟ್ಟಿದ್ದಾಳೆ, ಹೋದ ವರ್ಷದ ಫ್ರಾಕನ್ನೇ ತೊಟ್ಟಿದ್ದಾಳೆ, ಕಾಲು ಪೂರ್ತಿ ಹೊರಗೆ. ತಂಗಿಗೆ ಅಕ್ಕನದೇ ಫ್ರಾಕು ಬಂದಿದೆ, ಕಾಲು ಅರ್ಧ ಒಳಗೆ. ಹಾಗೆ ನೋಡಿದರೆ ತಪ್ಪುವುದಿಲ್ಲ.

ಮೊದಲು ಕಾಲು. ಎಲ್ಲಕ್ಕಿಂತ ಮೊದಲು ಕಾಲು.

ಅಲ್ಲಿದ್ದಾಗ ಕೇಳಲಿಲ್ಲ ಎಂದಿದ್ದೀಯ. ನಾನೂ ಹೇಳಿಕೊಡಲಿಲ್ಲ.

ಅಮ್ಮ


ನವೆಂಬರ್ 4
ಎಣಿಕೆ ಮನೆ

ಅಮ್ಮಾ,

ಕಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಹಾಗಾಯಿತು. ನಿನ್ನ ಕಾಗದ ಬಂದಂದಿನಿಂದ, ಹಗಲಿಗೆ ಇಳಿತ ಸಿಕ್ಕ ದಿನವೆಲ್ಲ ಎಣಿಸುತ್ತಿದ್ದೇನೆ. ನಿನ್ನೆಯ ಲೆಕ್ಕ: ತಂಗಿಯರು ನಾನೂರ ಹನ್ನೆರಡು, ಅಕ್ಕಂದಿರು ಒಂಬತ್ತು.

ಒಂಬತ್ತೇ! ಮೇಲ್ವಿಚಾರಕರು ಹುಬ್ಬೇರಿಸಿದರು. "ಇಷ್ಟು ಖಚಿತವಾಗಿ ಹೇಗ್ ಹೇಳ್ತೀರಿ?"

"ಕಾಲು ನೋಡಿ, ಸರ್. ಮೈಗೆ ಹೋಲಿಸಿ."

"ಯಾರು ಹೇಳಿಕೊಟ್ರು?"

"ನಮ್ಮಮ್ಮ."

"ಅವ್ರೂ ಹಕ್ಕಿ ನೋಡ್ತಾರಾ?"

"ಇಲ್ಲ ಸರ್. ಪ್ಯಾಂಟ್ ಹೊಲೀತಾರೆ."

ಅವರು ನಗಲಿಲ್ಲ. ತಮ್ಮ ಪ್ಯಾಂಟಿನ ಕಡೆ ಒಮ್ಮೆ ನೋಡಿಕೊಂಡರು.

ಓಡುವುದನ್ನು ನೀನು ನೋಡಬೇಕು. ನಾಲ್ಕು ಹೆಜ್ಜೆ ಸರಸರ ಓಡಿ ಗಕ್ಕನೆ ನಿಲ್ಲುತ್ತವೆ. ತಲೆ ಓರೆ ಮಾಡಿ ನೆಲ ನೋಡುತ್ತವೆ. ಒಂದು ಕುಕ್ಕು, ಮತ್ತೆ ಓಟ. ನಿಂತಾಗ ಕೆಸರಿನ ಬಣ್ಣದಲ್ಲಿ ಕರಗಿಹೋಗುತ್ತವೆ, ಓಡಿದಾಗ ಮಾತ್ರ ಹಕ್ಕಿಯಾಗುತ್ತವೆ. ಈ ಕೆಸರು ನಾದಿದ ಹಿಟ್ಟಿನ ಹಾಗೆ. ನಾನು ಇಳಿದರೆ ಮೊಣಕಾಲಿನವರೆಗೆ ಹೋಗುತ್ತೇನೆ. ಅವಕ್ಕೆ ಅದರ ಪರಿವೆಯೇ ಇಲ್ಲ. ಕೆಸರು ಮೆತ್ತಿ ಕಾಲಿನ ಬಣ್ಣ ಗೊತ್ತಾಗುವುದಿಲ್ಲ, ಬಿಸಿಲ ಝಳದಲ್ಲಿ ಕೊಕ್ಕಿನ ತುದಿ ಕುಣಿಯುತ್ತದೆ. ಆದರೆ ಕಾಲಿನ ಅಳತೆ ಇದೆಯಲ್ಲ, ಅದೇ ಸಾಕು.

ಗುಂಡಿ ಅಕ್ಕನ ಅರ್ಜಿ ಸ್ವೀಕರಿಸಲಾಗಿದೆ. ಕಾಗೆ ವಿಭಾಗ ಅವರಿಗೇ.

ಗೇಣು


ನವೆಂಬರ್ 21
ಅಂಗಡಿ

ಗೇಣು,

ಪಾರ್ಸೆಲ್ಲಿನಲ್ಲಿ ಒಂದು ಕೋಟು ಇದೆ. ಕಟ್ಟು ಬಿಚ್ಚುವಾಗ ಕತ್ತರಿ ಹುಷಾರು. ಒಳಜೇಬು ನಿನ್ನ ದಾಖಲೆ ಪುಸ್ತಕದ ಚೀಟಿಗಳಿಗೆ. ಕಾಲರ್ ಎತ್ತಿದರೆ ಕಿವಿ ಮುಚ್ಚುತ್ತದೆ.

ಮೈಮೇಲೆ ಹಾಕಿ ನೋಡಿ ಹೊಲಿದದ್ದಲ್ಲ. ಸರಿಯಾಗದಿದ್ದರೆ ವಾಪಸು ಕಳಿಸು.

ಅಮ್ಮ


ಡಿಸೆಂಬರ್ 14
ಚಿಪ್ಪಿನ ದಿಬ್ಬ

ಅಮ್ಮಾ,

ಕೋಟು ವಾಪಸು ಕಳಿಸುವುದಿಲ್ಲ. ಭುಜದ ಹೊಲಿಗೆ ನನ್ನ ಭುಜದ ಮೂಳೆಯ ಮೇಲೆಯೇ ಕೂತಿದೆ. ಇದಕ್ಕಿಂತ ಹೆಚ್ಚು ಬರೆದರೆ ನಿನಗೆ ಮುಜುಗರ, ಬಿಡು.

ವಿಳಾಸ ನೋಡಿದೆಯಲ್ಲ. ಹೋದ ತಿಂಗಳ ಕೊನೆಯ ಬಿರುಗಾಳಿಗೆ ಎಣಿಕೆ ಮನೆಯ ಹೊರಮೆಟ್ಟಿಲು ಕಳಚಿಬಿತ್ತು. ರಿಪೇರಿಯಾಗುವವರೆಗೆ ಉತ್ತರಕ್ಕಿರುವ ಚಿಪ್ಪಿನ ದಿಬ್ಬದ ಮೇಲೆ ತಗಡಿನ ಗೂಡಿನಲ್ಲಿ ಕೂತು ಎಣಿಸುತ್ತೇನೆ. ಇಲ್ಲಿ ನೆಲ ಗಟ್ಟಿ, ಒಡೆದ ಚಿಪ್ಪು ಮತ್ತು ಮರಳು. ಹಕ್ಕಿಗಳೂ ಹತ್ತಿರ.

ಆಮೇಲೆ ಸುದ್ದಿ. ಅಕ್ಕಂದಿರು ಬಂದರು! ಇಲ್ಲಿ ಕೂತ ಮೊದಲ ದಿನವೇ ಎಪ್ಪತ್ತು, ಮೊನ್ನೆ ತೊಂಬತ್ತಾರು. ಅಕ್ಟೋಬರ್, ನವೆಂಬರಿನಲ್ಲಿ ಒಂಬತ್ತು ಹತ್ತು ಇದ್ದದ್ದು ಡಿಸೆಂಬರಿಗೆ ತೊಂಬತ್ತಾರು. ಮೇಲ್ವಿಚಾರಕರು ನನ್ನ ಪುಟಗಳನ್ನು ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದರು.

"ಅಂದ್ರೆ ದೊಡ್ಡವು ತಡವಾಗಿ ಬರ್ತಾವೆ ಇಲ್ಲಿಗೆ. ಎರಡು ತಿಂಗಳು ತಡ. ನಡುವೆ ಬೇರೆಲ್ಲೋ ಇಳಿದುಕೊಳ್ತಾವೆ. ಇದು ನಮಗೆ ಗೊತ್ತೇ ಇರಲಿಲ್ಲಮ್ಮ! ಇಷ್ಟು ವರ್ಷ ಎರಡನ್ನೂ ಒಟ್ಟಿಗೆ ಬರೀತಿದ್ವಿ, ಬೇರೆ ಮಾಡೋರು ಇರಲಿಲ್ಲ."

ಅವರ ಕೊನೆಯ ವರದಿ ಇದು. ಅದರ ಮೊದಲ ಪುಟಕ್ಕೇ ಈ ವಿಷಯ ಹಾಕುತ್ತಾರಂತೆ. ಆ ಸಂಜೆ ಅವರೇ ಚಹಾ ಮಾಡಿದರು. ಸಕ್ಕರೆ ಮರೆತಿದ್ದರು. ಇಬ್ಬರೂ ಹಾಗೇ ಕುಡಿದೆವು.

ಗೇಣು


ಡಿಸೆಂಬರ್ 30
ಅಂಗಡಿ

ಗೇಣು,

ಎರಡು ದಿನದಿಂದ ನಿನ್ನ ಅಕ್ಕಂದಿರದೇ ಯೋಚನೆ. ತಂಗಿಯರು ಅವಸರದವರು, ಮೊದಲೇ ಬಂದು ಜಾಗ ಹಿಡಿದರು. ಅಕ್ಕಂದಿರು ಎಲ್ಲಿ ನಿಂತರು ಎರಡು ತಿಂಗಳು? ಏನು ತಿಂದರು? ಪ್ಯಾಂಟಿಗೆ ಪಟ್ಟಿ ಹೊಲಿಯುತ್ತಾ ಕೂತಾಗ ಎಲ್ಲೋ ಯಾರೂ ಎಣಿಸದ ಒಂದು ತೀರ ಕಣ್ಣಿಗೆ ಬರುತ್ತದೆ. ಅಲ್ಲಿ ತೊಂಬತ್ತಾರು ಅಕ್ಕಂದಿರು, ಯಾವ ಅವಸರವೂ ಇಲ್ಲದೆ. ಈ ವಯಸ್ಸಿನಲ್ಲಿ ನನಗೆ ಯಾವ ಹುಚ್ಚು ಹತ್ತಿಸಿದೆಯೇ ನೀನು?

ಗಿರಾಕಿಗಳಿಗೂ ಹೇಳುತ್ತಿದ್ದೇನೆ. ಒಬ್ಬರು, "ಅಂದ್ರೆ ನನ್ನ ಕೋಟೂ ಎರಡು ತಿಂಗಳು ತಡವಾ?" ಎಂದರು. ನನ್ನ ಮಗಳು ಕಂಡುಹಿಡಿದ ವಿಷಯ ಎಂದೆ. ಅಷ್ಟು ಹೇಳಬೇಕೆಂದೇನೂ ಇರಲಿಲ್ಲ, ಬಾಯಿಗೆ ಬಂತು.

ಗುಂಡಿ ಅಕ್ಕನಿಗೆ ಅಂಗಾಲು ನೋವು. ಒಂದು ದಪ್ಪ ಸ್ಪಂಜಿನ ಚಾಪೆ ತಂದು ಕನ್ನಡಿಯ ಮುಂದೆ ಹಾಸಿದ್ದಾಳೆ. ನಿಂತರೆ ಮೋಡದ ಮೇಲೆ ನಿಂತ ಹಾಗಿದೆ.

ಬಲೆ ಯಾವಾಗ?

ಅಮ್ಮ


ಜನವರಿ 17
ಚಿಪ್ಪಿನ ದಿಬ್ಬ

ಅಮ್ಮಾ,

ಬಲೆ ನಿನ್ನೆ ಆಯಿತು.

ಬೆಳಗ್ಗೆ ಏಳಕ್ಕೆ ನೀರು ಏರಿತು. ದಿಬ್ಬದ ಮೂಲೆಯಲ್ಲಿ ಮರಳು ಗೊರವಗಳ ಸಣ್ಣ ಗುಂಪು ನಿಂತಿತ್ತು. ಬಲೆ ಬೀಳುವ ಮುಂಚೆ ನಾನು ಎಣಿಸಿ ಚೀಟಿ ಬರೆದು ಮಡಚಿ ಮೇಲ್ವಿಚಾರಕರ ಜೇಬಿಗೆ ಹಾಕಬೇಕು. ಇಪ್ಪತ್ತಾರು ಹಕ್ಕಿ: ಅಕ್ಕ ಒಂಬತ್ತು, ತಂಗಿ ಹದಿನೇಳು. ಅವಸರದಲ್ಲಿ ಬರೆದ ಒಂಬತ್ತು ಏಳರ ಹಾಗೆ ಕಂಡಿತು, ತಿದ್ದಿದೆ.

ಬಲೆಗೆ ಸಿಕ್ಕದ್ದು ಇಪ್ಪತ್ತೈದು. ಒಂದು ಅಂಚಿನಿಂದ ನುಸುಳಿ ಹಾರಿತು.

ಅಮ್ಮಾ, ಕೈಯಲ್ಲಿ ಹಿಡಿದಾಗ ಏನೆಂದು ಹೇಳಲಿ. ತಂಗಿ ಇದ್ದಾಳೋ ಇಲ್ಲವೋ ಎನ್ನುವಷ್ಟು ಹಗುರ. ಅಕ್ಕ ಸ್ವಲ್ಪ ಭಾರ, ನಿನ್ನ ದೊಡ್ಡ ದಾರದುಂಡೆಯಷ್ಟು. ತಂಗಿಯ ಕಾಲು ಕಡುಬೂದು, ಅಕ್ಕನದು ಹಸಿರು ಬೆರೆತ ಹಳದಿ. ಎದೆ ನನ್ನ ಬೆರಳಿನ ಕೆಳಗೆ ಮಿಷನ್ನಿನ ಹಾಗೆ ಓಡುತ್ತಿತ್ತು. ಆದರೆ ಕಣ್ಣು ಸಂಪೂರ್ಣ ಶಾಂತ, ದೊಡ್ಡದು, ಕಪ್ಪು. ಬೆಟ್ಟದ ನೆತ್ತಿಯಲ್ಲಿ ಮೊಟ್ಟೆಯೊಡೆದು ಬಂದದ್ದು ನನ್ನ ಅಂಗೈಯಲ್ಲಿ ಕೂತು ನನ್ನನ್ನು ನೋಡುತ್ತಿದೆ. ಬಿಟ್ಟಾಗ ಹಾರಿಹೋಗಲಿಲ್ಲ. ನಾಲ್ಕು ಹೆಜ್ಜೆ ಓಡಿ ನಿಂತು, ಕೆದರಿದ ಗರಿ ಸರಿ ಮಾಡಿಕೊಂಡು, ಆಮೇಲೆ ಹೋಯಿತು.

ಮೇಲ್ವಿಚಾರಕರು ಒಂದೊಂದನ್ನೂ ಕಣ್ಣಿನ ಹತ್ತಿರ ತಂದು ಅಳೆದರು. ಕೊನೆಗೆ ಚೀಟಿ ತೆಗೆದರು. ಅಳೆದದ್ದು: ಅಕ್ಕ ಒಂಬತ್ತು, ತಂಗಿ ಹದಿನಾರು.

"ತಪ್ಪಿಸಿಕೊಂಡಿದ್ದು ಚಿಕ್ಕದು ಅಂತ ಬರ್ಕೊಳ್ಳೋಣ್ವಾ?"

"ಅದು ಚಿಕ್ಕದೇ, ಸರ್."

"ಗೊತ್ತು ಕಣಮ್ಮ. ತಮಾಷೆ ಮಾಡ್ದೆ." ಆಮೇಲೆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನಿಮ್ಮ ತಾಯಿಗೆ ಬರೀರಿ. ನಾನು ಹೇಳ್ದೆ ಅಂತ ಬರೀರಿ."

ಏನು ಹೇಳಿದರೆಂದು ಬರೆಯಬೇಕು ಎನ್ನುವುದನ್ನು ಅವರು ಹೇಳಲಿಲ್ಲ. ವರದಿ ಮುಂದಿನ ತಿಂಗಳು ಐದಕ್ಕೆ ಅಚ್ಚಿಗೆ ಹೋಗುತ್ತದೆ. ಅದರ ಜೊತೆಗೇ ನನ್ನ ಕಾಯಂ ಪತ್ರಕ್ಕೂ ಸಹಿ ಹಾಕಿ ಕಳಿಸುತ್ತಾರೆ.

ಗೇಣು


ಜನವರಿ 25
ಅಂಗಡಿ

ಗೇಣು,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಗುಂಡಿ ಅಕ್ಕ ಮತ್ತೆ ಸೂಜಿ ಕೆಳಗಿಟ್ಟಳು. ದಾರದುಂಡೆಯನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತಿದ್ದಳು.

ಇನ್ನು ಮುಂದಿನದನ್ನು ಬರೆಯಬಾರದೆಂದು ಮೂರು ದಿನ ತಡೆದೆ.

ಹೋದ ವಾರ ಹೋಟೆಲಿನ ಮೂವರು ಮಾಣಿಗಳು ಬಂದರು. ಅವರ ಕಪ್ಪು ಪ್ಯಾಂಟುಗಳನ್ನು ನಾನೇ ಅಳತೆ ತೆಗೆದು ಹೊಲಿದದ್ದು. ಮೂರೂ ಗಿಡ್ಡ, ಒಂದೇ ಸಮ ಗಿಡ್ಡ. ಅವರಲ್ಲಿ ಹಿರಿಯವನು, "ಕಾಲುಚೀಲ ಪೂರ್ತಿ ಕಾಣ್ತಿದೆಯಲ್ಲಮ್ಮ, ನಾವು ಊಟ ಬಡಿಸೋದೋ, ಕೆಸರು ದಾಟೋದೋ?" ಎಂದ.

ಮೂವತ್ತೈದು ವರ್ಷದಲ್ಲಿ ನನ್ನ ಅಳತೆ ಹಾಗೆ ತಪ್ಪಿಲ್ಲ. ಟೇಪು ನೋಡಿದೆ, ಸರಿ ಇತ್ತು. ಆಮೇಲೆ ಅವರನ್ನು ಮತ್ತೆ ಕನ್ನಡಿಯ ಮುಂದೆ ನಿಲ್ಲಿಸಿದೆ. ಗುಂಡಿ ಅಕ್ಕನ ಚಾಪೆ. ಹಿಮ್ಮಡಿ ಅದರೊಳಗೆ ಇಳಿದಿತ್ತು. ನಾನು ಸೊಂಟದಿಂದ ಚಾಪೆಯ ಮೇಲ್ಮೈಯವರೆಗೆ ಅಳೆದಿದ್ದೆ. ಕಾಲು ಅದರ ಕೆಳಗೂ ಇತ್ತು.

ಚಾಪೆ ಎತ್ತಿಸಿದೆ. ಪಟ್ಟಿ ಬಿಚ್ಚಿ ಉದ್ದ ಮಾಡಿಕೊಟ್ಟೆ. ಅವರು ಹೋದ ಮೇಲೆ ಆ ಮಾತು ತಲೆಯಿಂದ ಹೋಗಲಿಲ್ಲ, ಕೆಸರು ದಾಟುವುದು. ಪೆಟ್ಟಿಗೆಯಿಂದ ನಿನ್ನ ನವೆಂಬರಿನ ಕಾಗದ ತೆಗೆದೆ. ನಾದಿದ ಹಿಟ್ಟಿನ ಹಾಗೆ ಎಂದು ಬರೆದಿದ್ದೀಯ.

ಗೇಣು, ಆ ಎರಡು ತಿಂಗಳು ಅವು ಯಾವುದರ ಮೇಲೆ ನಿಂತಿದ್ದವು?

ನಾನು ಹೇಳುವುದು ತಪ್ಪಿರಬಹುದು. ಅಷ್ಟು ಹಗುರದ ಹಕ್ಕಿ ಹೂತುಹೋಗದೆಯೂ ಇರಬಹುದು. ನನಗೇನು ಗೊತ್ತು, ಕಣ್ಣಲ್ಲಿ ನೋಡಿದವಳಲ್ಲ. ಒಂದು ವೇಳೆ ಹೌದಾದರೆ ತಪ್ಪು ನಿನ್ನದಲ್ಲ. ಮೊದಲು ಕಾಲು ನೋಡು ಎಂದವಳು ನಾನು. ನೆಲ ನೋಡು ಎಂದು ಹೇಳಲಿಲ್ಲ. ಅಂಗಡಿಯಲ್ಲಿ ನೆಲ ಯಾವತ್ತೂ ನೆಲವೇ ಆಗಿತ್ತು.

ಬಲೆಯಲ್ಲಿ ನೀನು ಗೆದ್ದದ್ದು ಗೆದ್ದದ್ದೇ. ಇದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಗುಂಡಿ ಅಕ್ಕನಿಗೂ ಓದಿ ಹೇಳಿಲ್ಲ. ಈ ಕಾಗದವನ್ನು ನೀನು ಒಲೆಗೆ ಹಾಕಿದರೂ ನಾನು ಮತ್ತೆ ಕೇಳುವುದಿಲ್ಲ.

ಅಮ್ಮ


ಫೆಬ್ರವರಿ 3, ಶನಿವಾರ
ಎಣಿಕೆ ಮನೆ, ಮಹಡಿಯ ಕೋಣೆ

ಅಮ್ಮಾ,

ಮೆಟ್ಟಿಲು ರಿಪೇರಿಯಾಗಿ ಈ ವಾರ ಮಹಡಿಗೆ ಮರಳಿದೆ. ನಿನ್ನ ಕಾಗದ ಗುರುವಾರ ಬಂತು. ಓದಿದ ಮೇಲೆ ಒಲೆಯ ಹತ್ತಿರ ಹೋದದ್ದು ನಿಜ. ನೀರು ಕಾಯಿಸಲು ಎಂದು ನನಗೆ ನಾನೇ ಹೇಳಿಕೊಂಡೆ.

ನಿನ್ನೆ ಇಳಿತದ ಹೊತ್ತಿಗೆ ದಿಬ್ಬ ಮುಗಿದು ಕೆಸರು ಶುರುವಾಗುವ ಜಾಗಕ್ಕೆ ಹೋಗಿ ಕೂತೆ. ಅಷ್ಟು ಹತ್ತಿರದಿಂದ ದೂರದರ್ಶಕವೂ ಬೇಕಿರಲಿಲ್ಲ. ಗಟ್ಟಿ ಮರಳಿನ ಮೇಲೆ ಹದಿನೇಳು ಅಕ್ಕಂದಿರಿದ್ದರು. ಕೊಕ್ಕು, ಹಳದಿ ಕಾಲು, ಎಲ್ಲ ನೋಡಿ ಎರಡೆರಡು ಸಲ ಎಣಿಸಿದೆ. ನೀರು ಹಿಂದೆ ಸರಿದಂತೆ ಅವು ಓಡಿ, ನಿಂತು, ಓಡಿ, ನಿಂತು ಕೆಸರಿಗೆ ಇಳಿದವು. ಮೊದಲ ಹೆಜ್ಜೆಗೆ ಕಾಲ್ಬೆರಳು, ನಾಲ್ಕನೇ ಹೆಜ್ಜೆಗೆ ಗಂಟಿನ ಹತ್ತಿರದವರೆಗೆ ಕೆಸರು. ಹೊಟ್ಟೆಗೂ ಕೆಸರಿಗೂ ನಡುವೆ ಉಳಿದದ್ದು ಸರಿಯಾಗಿ ತಂಗಿಯ ಅಳತೆ. ನನ್ನ ಕಣ್ಣೆದುರೇ ಹದಿನೇಳು ಅಕ್ಕಂದಿರು ತಂಗಿಯರಾದರು.

ಅವು ತಡವಾಗಿ ಬರಲಿಲ್ಲ ಅಮ್ಮಾ. ಅಕ್ಟೋಬರಿನಿಂದಲೂ ಇಲ್ಲೇ ಇದ್ದವು. ಆ ಬೇರೆ ತೀರ, ಯಾರೂ ಎಣಿಸದ್ದು ಎಂದಿದ್ದೆಯಲ್ಲ, ಅದು ಎಲ್ಲೂ ಇಲ್ಲ.

ವಿಚಿತ್ರವೆಂದರೆ ನನಗೆ ಮೊದಲು ಬಂದದ್ದು ನಗು. ಅಷ್ಟು ನಾಜೂಕಾಗಿ ಇಳಿದವು. ಕಾಲು ಹೂತರೂ ಓಟ ಕೆಡಲಿಲ್ಲ, ಒಂದೂ ಮುಗ್ಗರಿಸಲಿಲ್ಲ. ನನ್ನ ಎರಡು ತಿಂಗಳ ಲೆಕ್ಕವನ್ನು ಕಾಲಡಿಗೆ ಹಾಕಿಕೊಂಡು ಹಾಯಾಗಿ ಹುಳ ಹೆಕ್ಕುತ್ತಿದ್ದವು. ನೋಡುತ್ತಾ ಕೂತೆ, ನೀರು ಮತ್ತೆ ಬರುವವರೆಗೆ. ಆಮೇಲೆ ವರದಿ ನೆನಪಾಯಿತು.

ಬಲೆಯ ದಿನ ಹಕ್ಕಿಗಳು ಗಟ್ಟಿ ನೆಲದ ಮೇಲಿದ್ದವು. ನನ್ನ ಕಣ್ಣು ಅಲ್ಲಿ ಸರಿ ಇತ್ತು. ಕೆಸರಿನಲ್ಲಿ ತಪ್ಪಿತ್ತು ಎಂದು ಯಾವ ಬಲೆಯೂ ಇನ್ನು ತೋರಿಸಿಕೊಡುವುದಿಲ್ಲ. ಮೇಲ್ವಿಚಾರಕರಿಗೆ ಅಷ್ಟು ದೂರ ಕಾಣುವುದಿಲ್ಲ. ನೀನು ಕೇಳುವುದಿಲ್ಲ ಎಂದು ಬರೆದಿದ್ದೀಯ. ತಪ್ಪು ಹೊರಬೀಳುವ ಎಲ್ಲ ಬಾಗಿಲೂ ಇಷ್ಟು ಚೆನ್ನಾಗಿ ಮುಚ್ಚಿರುವುದನ್ನು ನಾನು ಇದುವರೆಗೆ ಕಂಡಿರಲಿಲ್ಲ.

ನಿನ್ನೆ ಸಂಜೆ ಅವರು ವರದಿಯ ಮೊದಲ ಪುಟವನ್ನು ನನಗೆ ಓದಿ ತೋರಿಸಿದರು. ಅಕ್ಷರ ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ನಿಧಾನವಾಗಿ. 'ದೊಡ್ಡ ಮರಳು ಗೊರವದ ತಡವಾದ ಆಗಮನ' ಎಂದು ತಲೆಬರಹ. ಕೆಳಗೆ ತಮ್ಮ ಹೆಸರಿಗಿಂತ ಮೊದಲು ನನ್ನ ಹೆಸರು ಹಾಕಿದ್ದರು. "ಮೂವತ್ತು ವರ್ಷ ಆಯ್ತಮ್ಮ, ಒಂದು ಹೊಸ ವಿಷ್ಯ ಬರೆದು ಹೋಗ್ತಿದೀನಿ" ಎಂದರು. ಆಗಲೇ ಹೇಳಬೇಕಿತ್ತು. "ಚೆನ್ನಾಗಿದೆ ಸರ್" ಎಂದೆ.

ಹೇಳಿದರೆ ಏನಾಗುತ್ತದೆ ಎಂದು ಗೊತ್ತಿಲ್ಲ. ಅವರ ಮೊದಲ ಪುಟ ಹೋಗುತ್ತದೆ, ಅದು ಖಂಡಿತ. ನನ್ನ ಕೆಲಸವೂ ಹೋಗಬಹುದು. ಅಷ್ಟು ದಿನ ನೆಲ ನೋಡದೆ ಎಣಿಸಿದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೇಳದಿದ್ದರೆ ಮುಂದಿನ ವರ್ಷ ಯಾರೋ ಒಬ್ಬರು ಈ ವರದಿ ಓದಿ, ಅಕ್ಟೋಬರಿನಲ್ಲಿ ಇಲ್ಲಿ ಅಕ್ಕಂದಿರಿಲ್ಲ ಎಂದು ನಂಬಿ, ಕೆಸರಿನ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಅವು ಅಲ್ಲೇ ಇರುತ್ತವೆ. ನನ್ನ ಅಂಗೈಯಲ್ಲಿ ಕೂತು ಹಾಗೆ ನೋಡಿದ ಹಕ್ಕಿಯನ್ನು ಇದ್ದ ಕಡೆ ಇಲ್ಲ ಎಂದು ಬರೆದಿಡಲು ನನ್ನಿಂದ ಆಗುವುದಿಲ್ಲ.

ತಪ್ಪನ್ನು ನಿನ್ನ ಮೇಲೆ ಹಾಕಿಕೊಂಡು ಬರೆದಿದ್ದೀಯ. ಇಲ್ಲ. ನೀನು ಮೈಲಿಗಟ್ಟಲೆ ದೂರ, ಅಂಗಡಿಯೊಳಗೆ ಕೂತು, ಒಂದು ಚಾಪೆಯಿಂದ ಇದನ್ನು ಹಿಡಿದೆ. ನಾನು ಆ ಕೆಸರಿನ ಎದುರಿಗೇ ಕೂತಿದ್ದೆ.

ದಾಖಲೆ ಪುಸ್ತಕದಲ್ಲಿ ಅಳಿಸುವಂತಿಲ್ಲ, ಪುಟ ಹರಿಯುವಂತಿಲ್ಲ. ತಪ್ಪಾದ ಅಂಕಿಯ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಂಕಿ ಓದಲು ಬರುವ ಹಾಗೆ. ಪಕ್ಕದಲ್ಲಿ ಕಾರಣ, ಸಹಿ. ಇವತ್ತು ಮಧ್ಯಾಹ್ನ ಕೂತು ಗುರುತು ಮಾಡಿದೆ: ಒಟ್ಟು ಇಪ್ಪತ್ತಮೂರು ದಿನ. ಸರಿಯಾದ ಅಂಕಿ ಇನ್ನು ಸಿಗುವುದಿಲ್ಲ. ಆ ದಿನಗಳ ಒಟ್ಟು ಮೊತ್ತವನ್ನು ಮಾತ್ರ ಉಳಿಸಿ, 'ಮೆತ್ತನೆ ಕೆಸರು, ಕಾಲು ಹೂತಿತ್ತು, ಯಾವ ಜಾತಿ ಎಂದು ಹೇಳಲಾಗದು' ಎಂದು ಬರೆಯುತ್ತೇನೆ. ಇಪ್ಪತ್ತಮೂರು ಸಲ.

ವರದಿ ಸೋಮವಾರ ಅಚ್ಚಿಗೆ ಹೋಗುತ್ತದೆ. ನಾಳೆ ಬೆಳಗ್ಗೆ ಎಂಟಕ್ಕೆ ಅವರು ಮೇಲೆ ಬರುತ್ತಾರೆ. ಮಾತು ಹೇಗೆ ತೆಗೆಯಬೇಕೆಂದು ಬೆಳಗ್ಗೆಯಿಂದ ಯೋಚಿಸಿ ಈಗ ತೀರ್ಮಾನಿಸಿದ್ದೇನೆ. ಕೆಂಪು ಪೆನ್ನು ಅವರ ಜೇಬಿನಲ್ಲಿರುತ್ತದೆ, ಬೇರೆ ಯಾರ ಹತ್ತಿರವೂ ಇಲ್ಲ. ಮೊದಲು ಅದನ್ನು ಕೇಳುತ್ತೇನೆ. ಯಾಕೆ ಎಂದು ಅವರು ಕೇಳಿಯೇ ಕೇಳುತ್ತಾರೆ.

ನಿನ್ನ ಗೇಣು